ಗ್ರೀಕರು ಒಕ್ಕಲು ಹೋದ ಕಡೆ ಮೊದಲಿದ್ದವರು ಏನಾದರು?

ಪ್ರಶ್ನಾರ್ಥಕ:

ಕ್ರಿ.ಪೂ. 8ರಿಂದ 6ನೇ ಶತಮಾನದವರೆಗೆ ಗ್ರೀಕರು ಸಿಸಿಲಿ, ದಕ್ಷಿಣ ಇಟಲಿ, ಲಿಬಿಯಾ, ಫ್ರಾನ್ಸಿನ ದಕ್ಷಿಣ ಕರಾವಳಿ, ಕಪ್ಪು ಸಮುದ್ರದ ಸುತ್ತಮುತ್ತ ಊರು ಕಟ್ಟಿದರು. ಕನ್ನಡದಲ್ಲಿ ಇವನ್ನು ‘ವಸಾಹತು’ ಎನ್ನುತ್ತೇವೆ. ಹಾಗೆಂದ ಕೂಡಲೇ ಈಸ್ಟ್ ಇಂಡಿಯಾ ಕಂಪನಿ ನೆನಪಾಗುತ್ತದೆ. ಹಳೆಯ ಪಠ್ಯಗಳ ಮಾತು ಬೇರೆ: ಖಾಲಿ ಬಿದ್ದಿದ್ದ ದಡಕ್ಕೆ ಹೋದರು, ಅಕ್ಷರ ಕೊಟ್ಟರು, ದ್ರಾಕ್ಷಿ ಮತ್ತು ಆಲಿವ್ ಕೊಟ್ಟರು. ಎರಡೂ ಅರೆಬೆಂದ ಮಾತು. ಮೊದಲಿದ್ದವರಿಗೆ ನಿಜಕ್ಕೂ ಏನಾಯಿತು? ಅದು ನಮಗೆ ಗೊತ್ತಾಗಿದ್ದು ಹೇಗೆ? ಊರಿನ ಹೆಸರು, ಇಸವಿ, ಆಧಾರ ಸಮೇತ ಹೇಳುವವರು ಹೇಳಿ.

ಹಳೆಗಡಲು:

ಮೊದಲು ಪದ ಸರಿಮಾಡಿಕೊಳ್ಳೋಣ. ಗ್ರೀಕರ ಪದ ‘ಅಪೊಯಿಕಿಯಾ’. ಅದರೊಳಗಿನ ‘ಒಯ್ಕೊಸ್’ ಅಂದರೆ ಮನೆ, ಮನೆತನ. ‘ವಸಾಹತು’ವಿಗಿಂತ ನಮ್ಮ ‘ಒಕ್ಕಲು’ ಇದಕ್ಕೆ ಹತ್ತಿರ. ಮನೆ, ಮನೆಮಂದಿ, ಬೇಸಾಯ ಮೂರೂ ಆ ಒಂದು ಪದದಲ್ಲಿವೆ. ಹೊಸ ಊರು ಹುಟ್ಟಿದ ದಿನದಿಂದಲೇ ಸ್ವತಂತ್ರ. ತಾಯೂರಿಗೆ ಕಪ್ಪ ಕಟ್ಟುವಂತಿಲ್ಲ, ಅಲ್ಲಿಂದ ಅಧಿಕಾರಿ ಬಂದು ಕೂರುವುದಿಲ್ಲ. (ಗ್ರೀಸಿನ ಕೊರಿಂಥ್ ತಾನು ಕಟ್ಟಿದ ಪೊತಿದೈಯಾಕ್ಕೆ ವರ್ಷವರ್ಷ ಅಧಿಕಾರಿ ಕಳಿಸುತ್ತಿದ್ದದ್ದು ಅಪವಾದ.) ವ್ಯಾಪಾರದ ಕಟ್ಟೆಗೆ ಬೇರೆ ಪದವೇ ಇತ್ತು, ‘ಎಂಪೊರಿಯೊನ್’. ಬಂದವರು ಹೊಲಕ್ಕಾಗಿ ಬಂದರೋ ಸಂತೆಗಾಗಿ ಬಂದರೋ ಎನ್ನುವುದರ ಮೇಲೆ ಅಲ್ಲಿದ್ದವರ ಪಾಡು ಬಹುಮಟ್ಟಿಗೆ ನಿಂತಿತ್ತು.

ಹೊರಡುವ ಕ್ರಮ ಹೀಗೆ. ಡೆಲ್ಫಿಯ ಗುಡಿಯಲ್ಲಿ ಅಪೊಲೊ ದೇವರ ಅಪ್ಪಣೆ ಕೇಳುವುದು, ‘ಒಯ್ಕಿಸ್ತಿಸ್’ ಎಂಬ ಮುಖಂಡನನ್ನು ಆರಿಸುವುದು, ತಾಯೂರಿನ ಒಲೆಯಿಂದ ಬೆಂಕಿ ಒಯ್ಯುವುದು, ತಲುಪಿದ ಮೇಲೆ ದೇವರ ಜಾಗ ಬಿಟ್ಟು ಉಳಿದ ನೆಲವನ್ನು ಪಾಲು ಹಾಕುವುದು. ಒಬ್ಬೊಬ್ಬರ ಪಾಲಿಗೆ ‘ಕ್ಲೇರೊಸ್’ ಎಂದು ಹೆಸರು. ಆ ಪದದ ಮೂಲ ಅರ್ಥ ಚೀಟಿ ಎತ್ತುವುದು. ಈ ಪಾಲು ಹಡಗು ಹತ್ತುವಾಗಲೇ ಲೆಕ್ಕಕ್ಕೆ ಬಂದಿರುತ್ತಿತ್ತು. ಸಿಸಿಲಿಯ ಸಿರಾಕ್ಯೂಸ್‌ಗೆ ಹೊರಟ ಹಡಗಿನಲ್ಲಿ ಐಥಿಯೊಪ್ಸ್ ಎಂಬ ಕೊರಿಂಥ್‌ನವನು ತನ್ನ ಪಾಲನ್ನು ಜೊತೆಗಾರನಿಗೆ ಒಂದು ಜೇನಿನ ಕಡುಬಿಗೆ ಮಾರಿಕೊಂಡನಂತೆ. ನಗು ಬರುವ ಕತೆ. ಆದರೆ ಹಡಗಿನವರು ಇನ್ನೂ ಕಾಲಿಡದ ದಡದ ಹೊಲ, ಅದರಲ್ಲಿ ಬೇರೆಯವರು ಉಳುತ್ತಿರುವಾಗಲೇ, ಕಡಲ ಮೇಲೆ ಕೈಬದಲಾಯಿತು ಎನ್ನುವುದನ್ನು ಗಮನಿಸಿ.

ಹೊರಟವರೆಲ್ಲ ಖುಷಿಯಿಂದ ಹೊರಟವರಲ್ಲ. ಥೇರಾ ದ್ವೀಪದಲ್ಲಿ (ಇಂದಿನ ಸ್ಯಾಂಟೊರಿನಿ) ಏಳು ವರ್ಷ ಮಳೆ ಹೋಯಿತು. ಅಣ್ಣತಮ್ಮಂದಿರಿರುವ ಮನೆಗೆ ಒಬ್ಬನಂತೆ ಚೀಟಿ ಎತ್ತಿ, ಐವತ್ತು ಹುಟ್ಟಿನ ಎರಡು ಹಡಗಿನಲ್ಲಿ ಲಿಬಿಯಾಕ್ಕೆ ಕಳಿಸಿದರು. ಅವರು ಅಲ್ಲಿ ಕಟ್ಟಿದ ಕಿರೇನೆಯಲ್ಲಿ ಸಿಕ್ಕ ಕ್ರಿ.ಪೂ. 4ನೇ ಶತಮಾನದ ಶಾಸನದಲ್ಲಿ ಆ ಒಪ್ಪಂದವಿದೆ: ಹೋಗಲೊಲ್ಲೆ ಎಂದವನಿಗೆ ಮರಣದಂಡನೆ, ಆಸ್ತಿ ಊರಿನ ಪಾಲು, ಐದು ವರ್ಷ ಒದ್ದಾಡಿಯೂ ನೆಲೆ ಸಿಗದಿದ್ದರೆ ಮಾತ್ರ ವಾಪಸು ಬರಬಹುದು. ಮೇಣದ ಬೊಂಬೆ ಮಾಡಿ ಸುಟ್ಟು, ಮಾತಿಗೆ ತಪ್ಪಿದವನು ಹೀಗೆ ಕರಗಿಹೋಗಲಿ ಎಂದು ಆಣೆ ಹಾಕಿದರು. ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಪ್ರಕಾರ ನಡುವೆ ಒಮ್ಮೆ ತಿರುಗಿ ಬಂದವರನ್ನು ದಡದಿಂದ ಹೊಡೆದು ಅಟ್ಟಿದರು.

ಹಡಗಿನ ಲೆಕ್ಕ ಹಿಡಿಯಿರಿ. ಎರಡು ಹಡಗು, ಹುಟ್ಟು ಹಾಕುವವರೇ ನೂರು. ಎಷ್ಟು ತುರುಕಿದರೂ ಇನ್ನೂರು ದಾಟುವುದಿಲ್ಲ. ಇಷ್ಟು ಜನ ಮೊದಲ ಸುಗ್ಗಿಯವರೆಗೆ ಬದುಕಬೇಕಾದರೆ ಸ್ಥಳೀಯರ ಕಾಳು ಬೇಕು, ನೀರಿನ ಜಾಡು ಬೇಕು. ಮೊದಲ ತಲೆಮಾರಿನಲ್ಲಿ ಕಾಣುವ ಸ್ನೇಹಕ್ಕೆ ಕಾರಣ ದೊಡ್ಡ ಮನಸ್ಸಲ್ಲ, ಸಣ್ಣ ಸಂಖ್ಯೆ.

ಮಡಕೆಚೂರು:

ಸಿಸಿಲಿಗೆ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಪಟ್ಟಿಯನ್ನೇ ಕೊಟ್ಟಿದ್ದಾನೆ. ಕೊರಿಂಥ್‌ನ ಆರ್ಕಿಯಸ್ ಕ್ರಿ.ಪೂ. 733ರಲ್ಲಿ ಒರ್ತಿಜಿಯಾ ದ್ವೀಪದಿಂದ ಅಲ್ಲಿ ಮೊದಲಿದ್ದ ಸಿಕೆಲರನ್ನು ಓಡಿಸಿ ಸಿರಾಕ್ಯೂಸ್ ಕಟ್ಟಿದ. ಅಲ್ಲಿ ಗ್ರೀಕ್ ಪದರದ ಅಡಿಯಲ್ಲಿ ಸಿಕೆಲರ ಗುಡಿಸಲುಗಳ ಗುರುತು ಸಿಕ್ಕಿದೆ; ಖಾಲಿ ದಡ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಐದನೇ ವರ್ಷ ಸಿಸಿಲಿಯದೇ ಗ್ರೀಕ್ ಊರು ನಾಕ್ಸೊಸ್‌ನ ಥೂಕ್ಲಿಸ್ ಸಿಕೆಲರೊಡನೆ ಕಾದಾಡಿ ಲಿಯೊಂಟಿನಿ ಹಿಡಿದ.

ಲಿಯೊಂಟಿನಿಗೆ ಇನ್ನೊಂದು ಪಾಠವೂ ಇದೆ, ತೀರ ತಡವಾಗಿ ಬರೆದ ಪಾಲಿಯೈನಸ್‌ನದು. ಥೂಕ್ಲಿಸ್ ಮೊದಲು ಸಿಕೆಲರ ಜೊತೆ ಒಂದೇ ಊರಲ್ಲಿ ಬಾಳುವುದಾಗಿ ಆಣೆ ಮಾಡಿದ್ದ. ಗ್ರೀಸಿನ ಮೆಗಾರಾದಿಂದ ಇನ್ನೊಂದು ಗುಂಪು ಬಂದಾಗ, ‘ನಾನು ಆಣೆ ಮುರಿಯುವಂತಿಲ್ಲ, ರಾತ್ರಿ ಬಾಗಿಲು ತೆಗೆದಿಡುತ್ತೇನೆ, ನೀವೇ ಅವರನ್ನು ಹೊರಹಾಕಿ’ ಎಂದ. ಹೊರಹಾಕಿದರು. ಆರು ತಿಂಗಳಾದ ಮೇಲೆ ಆ ಮೆಗಾರಾದವರನ್ನೂ ಹೊರಹಾಕಿದ!

ಇದೇ ಜಾತಿಯ ಕತೆ ಇಟಲಿಯ ಲೊಕ್ರಿಯದು, ಪಾಲಿಬಿಯಸ್ ಬರೆದದ್ದು. ‘ಈ ಮಣ್ಣು ಮೆಟ್ಟಿರುವ ತನಕ, ಹೆಗಲ ಮೇಲೆ ತಲೆಯಿರುವ ತನಕ ಒಟ್ಟಿಗೆ ಬಾಳುತ್ತೇವೆ’ ಎಂದು ಆಣೆಯಿಟ್ಟವರು ಮೆಟ್ಟಿನೊಳಗೆ ಮಣ್ಣು ತುಂಬಿಕೊಂಡಿದ್ದರು, ಹೆಗಲ ಮೇಲೆ ಬಟ್ಟೆಯೊಳಗೆ ಬೆಳ್ಳುಳ್ಳಿ ಗಡ್ಡೆ ಇಟ್ಟುಕೊಂಡಿದ್ದರು. ಗ್ರೀಕಿನಲ್ಲೂ ಬೆಳ್ಳುಳ್ಳಿ ಗಡ್ಡೆಗೆ ‘ತಲೆ’ ಎನ್ನುತ್ತಾರೆ. ಆಮೇಲೆ ಮಣ್ಣು ಕೊಡವಿ, ಬೆಳ್ಳುಳ್ಳಿ ಎಸೆದು, ಸಿಕೆಲರನ್ನು ಎಬ್ಬಿಸಿದರು. ಇವು ನಡೆದದ್ದು ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೆ ಗ್ರೀಕರು ತಮ್ಮ ಊರಿನ ಹುಟ್ಟನ್ನು ಮೋಸದ ಆಣೆಯ ಕತೆಯಾಗಿ ನೆನಪಿಟ್ಟುಕೊಂಡರು ಎನ್ನುವುದೇ ಒಂದು ಸಾಕ್ಷ್ಯ.

ಪ್ರಶ್ನಾರ್ಥಕ:

ಎಲ್ಲ ಕಡೆಯೂ ಒಕ್ಕಲೆಬ್ಬಿಸಿದ್ದೇ? ಕರೆದು ಜಾಗ ಕೊಟ್ಟವರು ಯಾರೂ ಇಲ್ಲವೇ?

ಮಡಕೆಚೂರು:

ಇದ್ದಾರೆ. ಮೆಗಾರಾದ ಲಾಮಿಸ್‌ನ ಗುಂಪು ತ್ರೊತಿಲೊನ್, ಲಿಯೊಂಟಿನಿ, ಥಾಪ್ಸೊಸ್ ಮೂರೂ ಕಡೆ ನೆಲೆ ಕಾಣದೆ ಅಲೆಯಿತು, ಲಾಮಿಸ್ ಥಾಪ್ಸೊಸ್‌ನಲ್ಲೇ ಸತ್ತ. ಉಳಿದವರಿಗೆ ಹಿಬ್ಲೊನ್ ಎಂಬ ಸಿಕೆಲ ರಾಜ ಜಾಗ ಕೊಟ್ಟ. ಕ್ರಿ.ಪೂ. 728ರ ಸುಮಾರಿಗೆ ಹುಟ್ಟಿದ ಆ ಊರಿನ ಹೆಸರಲ್ಲೇ ಅವನಿದ್ದಾನೆ: ಮೆಗಾರಾ ಹಿಬ್ಲೇಯಾ. ಉತ್ಖನನದಲ್ಲಿ ಕಂಡದ್ದು: ನೇರ ಬೀದಿಗಳು, ನಡುವೆ ಸುಮಾರು 120 ಚದರ ಮೀಟರಿನ ಮನೆ ನಿವೇಶನಗಳು, ಅದರ ಮೂಲೆಯಲ್ಲಿ 4 ಮೀಟರ್‌ಗೆ 4 ಮೀಟರಿನ ಒಂದೇ ಕೋಣೆಯ ಮನೆ. ಸಂತೆ ಸಭೆಗೆಂದು ಮೊದಲ ತಲೆಮಾರಿನಲ್ಲೇ ಬಯಲು ಬಿಟ್ಟಿದ್ದರು. ಹಿಬ್ಲೊನ್ ಇದನ್ನೆಲ್ಲ ಪುಕ್ಕಟೆ ಕೊಟ್ಟ ಎಂದುಕೊಳ್ಳಬೇಡಿ. ಉತ್ತರಕ್ಕೆ ಲಿಯೊಂಟಿನಿ, ದಕ್ಷಿಣಕ್ಕೆ ಸಿರಾಕ್ಯೂಸ್, ಎರಡೂ ಸಿಕೆಲರನ್ನು ತಳ್ಳುತ್ತಿದ್ದಾಗ ನಡುವೆ ತನಗೆ ಋಣಿಯಾದ ಗ್ರೀಕರನ್ನು ಕೂರಿಸಿಕೊಂಡದ್ದು ಜಾಣತನ ಎನ್ನುವುದು ನನ್ನ ಓದು.

ಕರಾವಳಿಗಿಂತ ಒಳನಾಡಿಗೆ ಬಿದ್ದ ಪೆಟ್ಟು ದೊಡ್ಡದು, ನಿಧಾನವಾದ್ದು. ಸಿರಾಕ್ಯೂಸ್‌ನವರು 70 ವರ್ಷದ ಮೇಲೆ ಗುಡ್ಡಗಾಡಿನ ಅಕ್ರೈ, ಅದಾಗಿ 20 ವರ್ಷಕ್ಕೆ ಕಸ್ಮೆನೈ ಕಟ್ಟಿ ಕಣಿವೆದಾರಿ ಹಿಡಿದರು. ಬಂಡೆಯಲ್ಲಿ ಕೊರೆದ 5,000ಕ್ಕೂ ಮಿಕ್ಕ ಗೋರಿಗಳಿರುವ ಒಳನಾಡಿನ ಸ್ಥಳೀಯ ನೆಲೆ ಪಂತಾಲಿಕಾ ಆ ಹೊತ್ತಿಗೆ ಸೊರಗಿ ಹೋಗುತ್ತದೆ. ಸಿರಾಕ್ಯೂಸ್‌ನ ಭೂಮಾಲಿಕರಾದ ‘ಗಾಮೊರೊಯಿ’ಗಳ ಹೊಲದಲ್ಲಿ ದುಡಿಯಲು ‘ಕಿಲ್ಲಿರಿಯೊಯಿ’ ಎಂಬ ಜೀತದ ವರ್ಗವಿತ್ತು. ಹೆರೊಡೊಟಸ್ ಅವರನ್ನು ಗುಲಾಮರು ಎಂದಷ್ಟೇ ಕರೆಯುತ್ತಾನೆ. ಸಿಕೆಲ ಮೂಲದವರು ಎನ್ನುವುದು ಇತಿಹಾಸಕಾರರ ಊಹೆ, ಬಲವಾದ ಊಹೆ. ಕ್ರಿ.ಪೂ. 485ಕ್ಕೆ ಸ್ವಲ್ಪ ಮೊದಲು ಇವರೂ ಊರಿನ ಸಾಮಾನ್ಯರೂ ಸೇರಿ ಧಣಿಗಳನ್ನೇ ಊರು ಬಿಡಿಸಿದರು.

ತೆನೆತೂಕ:

ಜೀತದ ವಿಷಯದಲ್ಲಿ ಸ್ಪಷ್ಟ ಪ್ರಕರಣ ಕಪ್ಪು ಸಮುದ್ರದ ದಕ್ಷಿಣ ದಡದ ಹೆರಾಕ್ಲಿಯಾ. ಅಲ್ಲಿದ್ದ ಮರಿಯಾಂಡಿನರನ್ನು ಬಗ್ಗಿಸಿ ಒಂದು ಕರಾರು ಮಾಡಿಕೊಂಡರು: ನೀವು ದುಡಿಯಬೇಕು, ನಾವು ಹೊಟ್ಟೆಗೆ ಕೊಡುತ್ತೇವೆ, ನಿಮ್ಮನ್ನು ನಮ್ಮ ಗಡಿಯಾಚೆ ಮಾರುವುದಿಲ್ಲ. ಅವರಿಗಿಟ್ಟ ಹೆಸರು ‘ಕಾಣಿಕೆ ತರುವವರು’. ಗುಲಾಮ ಎನ್ನುವ ಪದ ತಪ್ಪಿಸಿದ ಜಾಣ್ಮೆ ನೋಡಿ. ಆ ಊರು ದೊಡ್ಡದಲ್ಲದಿದ್ದರೂ ಯುದ್ಧದ ಹಡಗುಗಳು ಬಹಳ ಇದ್ದವು, ಹುಟ್ಟು ಹಾಕಲು ಸುತ್ತಲಿನ ಒಕ್ಕಲುಗಳಿದ್ದರಲ್ಲ ಎಂದು ಅರಿಸ್ಟಾಟಲ್ ಬರೆಯುತ್ತಾನೆ.

ಉತ್ತರ ದಡದ ಕತೆ ಬೇರೆ. ಮಿಲೆಟಸ್‌ನವರು ಒಲ್ಬಿಯಾ, ಬೆರೆಜಾನ್‌ಗಳಲ್ಲಿ ಮೊದಲ ಕೆಲವು ತಲೆಮಾರು ನೆಲದಲ್ಲಿ ತೋಡಿದ ಗುಳಿಮನೆಗಳಲ್ಲಿ ವಾಸವಿದ್ದರು. ಸಿಥಿಯನ್ನರು ಕುದುರೆ ಮೇಲಿನ ಜನ, ಅವರನ್ನು ಜೀತಕ್ಕಿಡುವ ತಾಕತ್ತು ಈ ಊರುಗಳಿಗಿರಲಿಲ್ಲ. ಅಲ್ಲಿ ಬದಲಾದದ್ದು ಬೆಳೆ. ಹೆರೊಡೊಟಸ್ ಪಟ್ಟಿ: ಕಲ್ಲಿಪಿದೈ ಎಂಬವರು ‘ಗ್ರೀಕ್ ಸಿಥಿಯನ್ನರು’, ಅವರೂ ಅಲಜೋನರೂ ಧಾನ್ಯ ಬಿತ್ತಿ ತಿನ್ನುತ್ತಾರೆ, ಈರುಳ್ಳಿ, ಬೆಳ್ಳುಳ್ಳಿ, ಅವರೆಜಾತಿಯ ಮಸೂರ, ಕಿರುಧಾನ್ಯವನ್ನೂ ಬೆಳೆಯುತ್ತಾರೆ, ಅವರಾಚೆ ‘ಉಳುವ ಸಿಥಿಯನ್ನರು’, ಇವರು ಬಿತ್ತುವುದು ತಿನ್ನಲಲ್ಲ, ಮಾರಲು. ಸುಮಾರು ನೂರು ವರ್ಷದ ಮೇಲೆ ಅಥೆನ್ಸ್‌ನ ವಾಗ್ಮಿ ಡೆಮೊಸ್ತನೀಸ್ ಕೊಡುವ ಅಂಕಿ ನೋಡಿ: ಕ್ರೈಮಿಯಾ ಕಡೆಯ ಬೊಸ್ಪೊರಸ್ ರಾಜ್ಯದಿಂದ ಅಥೆನ್ಸ್‌ಗೆ ವರ್ಷಕ್ಕೆ 4,00,000 ಮೆಡಿಮ್ನೊಸ್ ಧಾನ್ಯ. ಒಂದು ಮೆಡಿಮ್ನೊಸ್ ಸುಮಾರು 52 ಲೀಟರ್, ಗೋಧಿಯಾದರೆ 40 ಕಿಲೋ. ಗುಣಿಸಿದರೆ 16,000 ಟನ್. ಇಷ್ಟನ್ನು ದಡದ ಗ್ರೀಕರ ಹೊಲಗಳಷ್ಟೇ ಬೆಳೆಯಲಾರವು, ಒಳನಾಡು ಬೆಳೆಯುತ್ತಿತ್ತು. ಲಾಭ ಎಲ್ಲ ಸಿಥಿಯನ್ನರಿಗೂ ಹಂಚಿಕೆಯಾಗಲಿಲ್ಲ. ಅರಸು ಮನೆತನಗಳ ದಿಬ್ಬದ ಗೋರಿಗಳಲ್ಲಿ ಗ್ರೀಕ್ ಅಕ್ಕಸಾಲಿಗರ ಚಿನ್ನ ತುಂಬಿದೆ. ಉಳುವವನ ಪಾಲಿಗೆ ಬಂದದ್ದು ಹೆಚ್ಚೆಂದರೆ ಜಾಡಿ ಹೆಂಡ.

ಧಾನ್ಯದ ಜೊತೆ ಹೋಗುತ್ತಿದ್ದ ಇನ್ನೊಂದು ಸರಕು ಮನುಷ್ಯರು. ಕ್ರಿ.ಪೂ. 414ರಲ್ಲಿ ಅಥೆನ್ಸ್‌ನಲ್ಲಿ ಜಪ್ತಿಯಾದ ಆಸ್ತಿಯ ಹರಾಜು ಕಲ್ಲಿನ ಮೇಲೆ ದಾಖಲಾಗಿದೆ. ಕೆಫಿಸೊಡೊರೊಸ್ ಎಂಬೊಬ್ಬನ ಮನೆಯ 16 ಗುಲಾಮರಲ್ಲಿ 5 ಮಂದಿ ಗ್ರೀಸಿನ ಈಶಾನ್ಯಕ್ಕಿದ್ದ ಥ್ರೇಸಿನವರು, ಒಬ್ಬ ಸಿಥಿಯದವ (144 ದ್ರಾಕ್ಮಾ), ಒಬ್ಬ ಕಪ್ಪು ಸಮುದ್ರದ ಪೂರ್ವ ದಡದ ಕೊಲ್ಕಿಸ್‌ನವ (153 ದ್ರಾಕ್ಮಾ). ಹೆಸರಿಲ್ಲ, ಊರು ಮತ್ತು ಬೆಲೆ ಮಾತ್ರ. ಥ್ರೇಸಿನವರು ಉಪ್ಪಿಗೆ ಜನರನ್ನು ಕೊಡುತ್ತಿದ್ದರೆಂದು ಗ್ರೀಕಿನಲ್ಲಿ ‘ಉಪ್ಪಿಗೆ ಕೊಂಡವನು’ ಎಂಬ ಹೀನಾಯದ ಮಾತೇ ಇತ್ತು. ಅಕ್ಷರ ಮತ್ತು ದ್ರಾಕ್ಷಿಯ ಲೆಕ್ಕ ಬರೆಯುವವರು ಈ ಪುಟವನ್ನೂ ಬರೆಯಬೇಕು.

ಸೀಸದಹಾಳೆ:

ತೆನೆತೂಕ ಅವರೇ, ಗುಲಾಮರ ದಂಧೆ ಗ್ರೀಕರನ್ನೂ ಬಿಡಲಿಲ್ಲ. ಬೆರೆಜಾನ್‌ನಲ್ಲಿ ಸಿಕ್ಕ ಸೀಸದ ಹಾಳೆಯ ಪತ್ರ, ಕ್ರಿ.ಪೂ. 500ರ ಆಸುಪಾಸಿನದು. ಅಖಿಲೊಡೊರೊಸ್ ಎಂಬ ವ್ಯಾಪಾರಿ ಮಗನಿಗೆ ಬರೆಯುತ್ತಾನೆ: ಮಾತಾಸಿಸ್ ಎಂಬವನು ನನ್ನ ಸರಕು ಕಿತ್ತುಕೊಂಡಿದ್ದಾನೆ, ನಾನು ಅನಕ್ಸಗೊರೆಸ್‌ನ ಆಳು ಎಂದು ಹೇಳಿ ನನ್ನನ್ನೇ ಗುಲಾಮನಾಗಿಸಲು ನೋಡುತ್ತಿದ್ದಾನೆ, ಬೇಗ ಹೋಗಿ ತಿಳಿಸು.

ಸಂತೆಯ ಊರುಗಳಿಗೆ ಬಂದರೆ ಚಿತ್ರ ಬೇರೆ. ಫ್ರಾನ್ಸಿನ ಪೆಶ್ ಮಾಹೊದಲ್ಲಿ ಸಿಕ್ಕ ಇನ್ನೊಂದು ಸೀಸದ ಹಾಳೆ, ಕ್ರಿ.ಪೂ. 5ನೇ ಶತಮಾನದ್ದು. ಒಂದು ಬದಿ ಮಧ್ಯ ಇಟಲಿಯ ಎಟ್ರಸ್ಕನ್ನರ ಬರಹ, ಇನ್ನೊಂದು ಬದಿ ಗ್ರೀಕ್. ಗ್ರೀಕ್ ಬದಿಯಲ್ಲಿ ದೋಣಿ ಖರೀದಿಯ ಕರಾರು: ಸ್ಪೇನಿನ ಎಂಪೊರಿಯೊನ್ ಎಂಬ ಹೆಸರಿನದೇ ಊರಿನವರಿಂದ ಕೊಂಡದ್ದು, ಮುಂಗಡ ಕೊಟ್ಟದ್ದು ನದಿಯ ಬಳಿ, ಅದಕ್ಕೆ ಸಾಕ್ಷಿ ಯಾರ್‍ಯಾರು ಎಂದು. ಸಾಕ್ಷಿಗಳ ಹೆಸರು ಬಾಸಿಗೆರ್ರೊಸ್, ಗೊಲೊಬಿಯುರ್, ಸೆದೆಗೋನ್. ಇವು ಗ್ರೀಕ್ ಹೆಸರುಗಳಲ್ಲ, ಅಲ್ಲಿನ ಸ್ಥಳೀಯರ ಐಬೀರಿಯನ್ ಹೆಸರುಗಳು. ಸಾಕ್ಷಿ ಎಂದರೆ ವ್ಯಾಜ್ಯವಾದಾಗ ನಿಂತು ಮಾತಾಡುವವನು. ಅವನ ಮಾತಿಗೆ ಬೆಲೆಯಿದೆ ಎಂದು ಗ್ರೀಕ್ ವ್ಯಾಪಾರಿ ನಂಬಿದ್ದ.

ಹಾಗೆಂದು ನಂಬಿಕೆ ಪೂರ್ತಿ ಅಲ್ಲ. ಅದೇ ಎಂಪೊರಿಯೊನ್‌ನಲ್ಲಿ ಗ್ರೀಕರಿಗೂ ಸ್ಥಳೀಯರಾದ ಇಂಡಿಕೆಟೆಗಳಿಗೂ ನಡುವೆ ಗೋಡೆ. ರೋಮನ್ ಇತಿಹಾಸಕಾರ ಲಿವಿ ಬರೆದಂತೆ ಆ ಬದಿಗೆ ಒಂದೇ ಬಾಗಿಲು, ಅಧಿಕಾರಿಯೊಬ್ಬ ಸದಾ ಕಾವಲು, ರಾತ್ರಿ ಊರಿನ ಮೂರನೇ ಒಂದು ಪಾಲು ಜನ ಗೋಡೆಯ ಮೇಲೆ. ಆಚೆಯವರನ್ನು ಒಳಗೆ ಬಿಡುವಂತಿಲ್ಲ. ಈಚೆಯವರು ಹೋದರೆ ಗುಂಪಾಗಿಯೇ ಹೋಗಬೇಕು. ಸ್ಟ್ರಾಬೊ ಹೇಳುವುದು ಇನ್ನೊಂದು ಮುಖ: ಆ ಗೋಡೆಯ ಸುತ್ತ ಒಂದೇ ಹೊರಗೋಡೆ ಬೇಕೆಂದವರು ಇಂಡಿಕೆಟೆಗಳೇ, ಕಾಲಾನಂತರ ಎರಡೂ ಊರು ಸೇರಿ ಗ್ರೀಕ್ ಮತ್ತು ಸ್ಥಳೀಯ ಕಟ್ಟಳೆ ಬೆರೆತ ಒಂದೇ ಆಡಳಿತವಾಯಿತು.

ಮಸ್ಸಾಲಿಯಾ (ಮಾರ್ಸೇಲ್) ಹುಟ್ಟಿದ ಕತೆ ಮದುವೆಯದು. ಕ್ರಿ.ಪೂ. 600ರ ಸುಮಾರಿಗೆ ಫೊಕೈಯಾ ಎಂಬ ಗ್ರೀಕ್ ಊರಿನವರು ಬಂದಿಳಿದ ದಿನ ಅಲ್ಲಿನ ಸೆಗೊಬ್ರಿಗಿ ಬುಡಕಟ್ಟಿನ ರಾಜ ನನ್ನುಸ್‌ನ ಮಗಳು ಗಿಪ್ಟಿಸ್‌ಗೆ ವರನ ಆಯ್ಕೆ. ಅವಳು ನೀರಿನ ಬಟ್ಟಲನ್ನು ಬಂದ ಅತಿಥಿ ಪ್ರೊಟಿಸ್‌ಗೆ ಕೊಟ್ಟಳು. ಮುಂದಿನ ಪುಟ ಓದುವವರು ಕಡಿಮೆ: ನನ್ನುಸ್ ಸತ್ತ ಮೇಲೆ ಅವನ ಮಗ ಕೊಮಾನುಸ್ ಹಬ್ಬದ ದಿನ ಬಂಡಿಗಳಲ್ಲಿ ಆಳುಗಳನ್ನು ಅಡಗಿಸಿ ಊರು ಹಿಡಿಯಲು ಹೋಗಿ ಸತ್ತ. ಅಲ್ಲಿಂದ ಮುಂದೆ ಮಸ್ಸಾಲಿಯಾದವರು ಹಬ್ಬದ ದಿನ ಬಾಗಿಲು ಹಾಕತೊಡಗಿದರು.

ದ್ರಾಕ್ಷಿ, ಆಲಿವ್ ‘ಕೊಟ್ಟ’ ವಿಷಯ. ಮೊದಲು ಅಲ್ಲಿಗೆ ದ್ರಾಕ್ಷಾರಸ ತಂದವರು ಎಟ್ರಸ್ಕನ್ನರು, ಜಾಡಿ ಚೂರುಗಳೇ ಸಾಕ್ಷಿ. ಸ್ಥಳೀಯರು ಆರಿಸಿ ಕೊಂಡರು: ಹೆಂಡ ಬೇಕು, ಹೆಂಡದ ಬಟ್ಟಲು ಬೇಕು, ಗ್ರೀಕ್ ಅಡುಗೆ, ಗ್ರೀಕ್ ದೇವರು ಬೇಡ. ಊಟ ಹಾಕಿಸಿ ಆಳು ಸೇರಿಸುವ ಮುಖಂಡರಿದ್ದ ಸಮಾಜ ಅದು. ಹೊಸ ಹೆಂಡ ಆ ಹಳೆಯ ಕ್ರಮಕ್ಕೆ ಸೇರಿಕೊಂಡಿತು. ಬರ್ಗಂಡಿಯ ವಿಕ್ಸ್‌ನಲ್ಲಿ 1953ರಲ್ಲಿ ಸಿಕ್ಕ ಕಂಚಿನ ಹಂಡೆ 1.64 ಮೀಟರ್ ಎತ್ತರ, 208 ಕಿಲೋ ತೂಕ, 1,100 ಲೀಟರ್ ಹಿಡಿಸುತ್ತದೆ. ಗೋರಿ ಒಬ್ಬ ಹೆಂಗಸಿನದು. ಅಷ್ಟು ದೊಡ್ಡದನ್ನು ಗ್ರೀಕರೇ ತಮ್ಮ ಮನೆಬಳಕೆಗೆ ಮಾಡಿಕೊಳ್ಳುತ್ತಿರಲಿಲ್ಲ, ಕೊಳ್ಳುವವರ ರುಚಿ ನೋಡಿ ಮಾಡಿದ ಮಾಲು.

ಪ್ರಶ್ನಾರ್ಥಕ:

ಹಡಗಿನಲ್ಲಿ ಗಂಡಸರೇ ಹೋಗಿದ್ದರೆ ಹೆಂಗಸರು ಯಾರು? ಮಕ್ಕಳು ಯಾವ ಭಾಷೆ ಆಡಿದವು?

ಹಳೆಗಡಲು:

ಹೆರೊಡೊಟಸ್ ಇಯೋನಿಯಾದ (ಇಂದಿನ ಟರ್ಕಿಯ ಪಶ್ಚಿಮ ಕರಾವಳಿ) ಮಿಲೆಟಸ್ ಬಗ್ಗೆ ಒಂದು ಕರಾಳ ಮಾತು ಬರೆದಿದ್ದಾನೆ, ಇದು ಇನ್ನೂ ಹಿಂದಿನ ವಲಸೆ. ಬಂದವರು ಹೆಂಗಸರನ್ನು ಕರೆತರಲಿಲ್ಲ. ಅಲ್ಲಿ ಮೊದಲಿದ್ದ ಕಾರಿಯಾದ ಗಂಡಸರನ್ನು ಕೊಂದು ಅವರ ಹೆಣ್ಣುಮಕ್ಕಳನ್ನು ಕಟ್ಟಿಕೊಂಡರು. ಆ ಹೆಂಗಸರು ಆಣೆ ಮಾಡಿದರು: ಗಂಡನ ಜೊತೆ ಕೂತು ಉಣ್ಣುವುದಿಲ್ಲ, ಅವನ ಹೆಸರು ಹಿಡಿದು ಕರೆಯುವುದಿಲ್ಲ. ಮಗಳಿಗೂ ಅದನ್ನೇ ಕಲಿಸಿದರು. ನಮ್ಮಲ್ಲಿ ಗಂಡನ ಹೆಸರು ಹೇಳದಿರುವುದು ಮರ್ಯಾದೆ. ಅಲ್ಲಿ ಅದು ಸೇಡಿನ ನೆನಪು.

ಕಿರೇನೆಯಲ್ಲಿ ಬೆರಕೆ ಚೆನ್ನಾಗಿ ಕಾಣುತ್ತದೆ. ಅಲ್ಲಿನ ಗ್ರೀಕ್ ಹೆಂಗಸರು ಹಸುವಿನ ಮಾಂಸ ಮುಟ್ಟುತ್ತಿರಲಿಲ್ಲ, ಸುತ್ತಲಿನ ಲಿಬಿಯನ್ನರಂತೆ. ಹತ್ತಿರದ ಬಾರ್ಕಾ ಊರಿನ ಹೆಂಗಸರು ಹಂದಿಯನ್ನೂ ಬಿಟ್ಟಿದ್ದರು. ಹಾಗಾದರೆ ಅಡುಗೆಮನೆಯ ಕಟ್ಟಳೆ ತಾಯಿಯ ಕಡೆಯಿಂದ ಬಂದಿದೆ. ಮೊದಲ ರಾಜನ ‘ಬಾಟ್ಟೊಸ್’ ಎಂಬ ಹೆಸರು ಲಿಬಿಯನ್ ಭಾಷೆಯಲ್ಲಿ ‘ರಾಜ’ ಎಂದಂತೆ. ರಥಕ್ಕೆ ನಾಲ್ಕು ಕುದುರೆ ಕಟ್ಟುವುದನ್ನು ಗ್ರೀಕರು ಕಲಿತದ್ದು ಲಿಬಿಯನ್ನರಿಂದ ಎಂದೂ ಹೆರೊಡೊಟಸ್ ಹೇಳುತ್ತಾನೆ. ಕ್ರಿ.ಪೂ. 4ನೇ ಶತಮಾನದ ಕೊನೆಯಲ್ಲಿ ಈಜಿಪ್ಟನ್ನು ಆಳುತ್ತಿದ್ದ ಒಂದನೇ ಟಾಲೆಮಿ ಕೊಟ್ಟ ಶಾಸನದಲ್ಲಿ ಲಿಬಿಯನ್ ತಾಯಂದಿರ ಮಕ್ಕಳೂ ಪೌರರು ಎಂದು ನೇರವಾಗಿ ಬರೆದಿದೆ.

ಆದರೆ ಇದೇ ಕಿರೇನೆಯಲ್ಲಿ ಮೂರನೇ ತಲೆಮಾರಿನಲ್ಲಿ ಏನಾಯಿತು ನೋಡಿ. ಆ ಜಾಗಕ್ಕೆ ಗ್ರೀಕರನ್ನು ಕರೆದುಕೊಂಡು ಹೋದವರೇ ಲಿಬಿಯನ್ನರು, ‘ಇಲ್ಲಿ ಆಕಾಶಕ್ಕೆ ತೂತಿದೆ’ ಎಂದು ಮಳೆಯ ನೆಲ ತೋರಿಸಿದರು. (ತಮಗೆ ಬೇಕಾದ ಇರಾಸಾ ಎಂಬ ಜಾಗವನ್ನು ರಾತ್ರಿ ಹೊತ್ತು ದಾಟಿಸಿ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದೂ ನಿಜ.) ಮೊದಲ ಇಬ್ಬರು ರಾಜರ 56 ವರ್ಷ ಜನಸಂಖ್ಯೆ ಏರಲಿಲ್ಲ, ಜಗಳವೂ ಇಲ್ಲ. ಎರಡನೇ ಬಾಟ್ಟೊಸ್ ಕಾಲಕ್ಕೆ ‘ನೆಲ ಹಂಚುವಾಗ ತಡವಾಗಿ ಬಂದವರು ಪಶ್ಚಾತ್ತಾಪಪಡುತ್ತಾರೆ’ ಎಂದು ಡೆಲ್ಫಿಯಿಂದ ಮಾತು ಹೊರಬಿತ್ತು, ಗ್ರೀಸಿನ ಎಲ್ಲ ಕಡೆಯಿಂದ ಜನ ನುಗ್ಗಿದರು. ಇಂದಿನ ರಿಯಲ್ ಎಸ್ಟೇಟ್ ಜಾಹೀರಾತಿಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಹೊಲ ಕಳೆದುಕೊಂಡ ಲಿಬಿಯನ್ನರ ರಾಜ ಅದಿಕ್ರಾನ್ ಈಜಿಪ್ಟಿನ ಫೇರೋ ಅಪ್ರೀಸ್‌ನ ಮೊರೆಹೊಕ್ಕ. ಕ್ರಿ.ಪೂ. 570ರ ಸುಮಾರಿಗೆ ಬಂದ ಈಜಿಪ್ಟಿನ ಸೇನೆ ಅದೇ ಇರಾಸಾದಲ್ಲಿ ನುಚ್ಚುನೂರಾಯಿತು, ಆ ಸಿಟ್ಟಿಗೆ ಅಪ್ರೀಸ್‌ನ ಪಟ್ಟವೇ ಹೋಯಿತು. ಸಿಸಿಲಿಯಲ್ಲೂ ಕಿರೇನೆಯಲ್ಲೂ ನೋಡಬೇಕಾದದ್ದು ಮೊದಲು ಬಂದ ಹಡಗನ್ನಲ್ಲ, ಎರಡನೇ ಸುತ್ತಿನ ನೆಲ ಹಂಚಿಕೆಯನ್ನು.

ಮಡಕೆಚೂರು:

ಹೆಂಗಸರ ವಿಷಯದಲ್ಲಿ ಉತ್ಖನನದ ಸಾಕ್ಷ್ಯ ಬಳಸುವವರಿಗೆ ಎಚ್ಚರಿಕೆ. ನೇಪಲ್ಸ್ ಬಳಿಯ ಇಸ್ಕಿಯಾ ದ್ವೀಪದ ಪಿಥೆಕೂಸೈ, ಪಶ್ಚಿಮದ ಅತಿ ಹಳೆಯ ಗ್ರೀಕ್ ನೆಲೆ, ಅಲ್ಲಿನ ಗೋರಿಗಳಲ್ಲಿ ಸಿಕ್ಕ ಬಟ್ಟೆಯ ಪಿನ್ನುಗಳು ಇಟಲಿಯ ಮಾದರಿಯವು. ಆದ್ದರಿಂದ ಹೆಂಡತಿಯರು ಸ್ಥಳೀಯರು ಎಂದು ಬಹುಕಾಲ ವಾದಿಸಿದರು. ಆದರೆ ಪಿನ್ನು ಕೊಳ್ಳುವ ವಸ್ತು. ಇಟಲಿಯ ಪಿನ್ನುಗಳು ಒಲಿಂಪಿಯಾದ ದೇವಸ್ಥಾನದಲ್ಲೂ ಹರಕೆಯಾಗಿ ಸಿಕ್ಕಿವೆ, ಅಲ್ಲಿಗೆ ಇಟಲಿಯ ಹೆಂಡತಿಯರು ಹೋಗಿರಲಿಲ್ಲವಲ್ಲ. ಮದುವೆ ನಡೆದಿರಲೇಬೇಕು, ಆದರೆ ಪಿನ್ನು ಅದನ್ನು ರುಜುವಾತು ಮಾಡುವುದಿಲ್ಲ. ಅದಕ್ಕಿಂತ ಅಡುಗೆಯ ಪಾತ್ರೆ ನೋಡಿ: ಕೈಯಲ್ಲಿ ತಟ್ಟಿದ ಸ್ಥಳೀಯ ಗಡಿಗೆ ಗ್ರೀಕ್ ಮನೆಯ ಒಲೆಯ ಬಳಿ ಸಿಕ್ಕರೆ ಅದು ಹೆಚ್ಚು ಮಾತಾಡುತ್ತದೆ. ತೊಂದರೆ ಏನೆಂದರೆ ಹಿಂದಿನ ಕಾಲದ ಉತ್ಖನನಗಳಲ್ಲಿ ಚಿತ್ರವಿರುವ ಚೂರು ಇಟ್ಟುಕೊಂಡು ಒರಟು ಚೂರನ್ನು ಎಸೆದದ್ದೇ ಹೆಚ್ಚು.

ಇಸವಿಯ ತಾಪತ್ರಯ ಇನ್ನೂ ದೊಡ್ಡದು. ಕೊರಿಂಥ್‌ನ ಹಳೆಯ ಕುಡಿಕೆಗಳಿಗೆ ಇಸವಿ ಕೊಟ್ಟದ್ದು ಥುಸಿಡಿಡೀಸ್ ಕೊಟ್ಟ ಊರುಗಳ ಹುಟ್ಟಿನಿಂದ: ಸಿರಾಕ್ಯೂಸ್ 733, ಗೆಲಾ 688, ಸೆಲಿನಸ್ 628. ಈಗ ಅದೇ ಕುಡಿಕೆ ಸಿಕ್ಕಿತೆಂದು ‘ಥುಸಿಡಿಡೀಸ್ ಹೇಳಿದ್ದು ಸರಿ’ ಎನ್ನುವುದು ತನ್ನ ನೆರಳಿಗೆ ತಾನೇ ಸಾಕ್ಷಿ ಹಾಕಿದಂತೆ. ಸೆಲಿನಸ್‌ನ ಹುಟ್ಟನ್ನು ಡಿಯೊಡೊರಸ್ 650ರ ಆಸುಪಾಸಿಗೆ ಒಯ್ಯುತ್ತಾನೆ. ಆ 20 ಚಿಲ್ಲರೆ ವರ್ಷದ ಜಗಳದಲ್ಲಿ ಕುಡಿಕೆಗಳ ಇಡೀ ಪಟ್ಟಿ ಅಲ್ಲಾಡುತ್ತದೆ. ಕಾರ್ಬನ್ ಪರೀಕ್ಷೆ ಮಾಡಿಸಿ ಅನ್ನಬಹುದು. ಕ್ರಿ.ಪೂ. 750ರಿಂದ 400ರವರೆಗೆ ಅದರ ತಾಳೆ ರೇಖೆ ಚಪ್ಪಟೆ, ಉತ್ತರ ‘ಈ ಮುನ್ನೂರೈವತ್ತು ವರ್ಷದಲ್ಲಿ ಯಾವಾಗಲೋ’ ಎಂದು ಬರುತ್ತದೆ. ಸರಿಯಾಗಿ ನಮಗೆ ಬೇಕಾದ ಕಾಲ!

ಹಲ್ಲಿನ ಸ್ಟ್ರಾಂಶಿಯಂ ಪರೀಕ್ಷೆಗೂ ಮಿತಿಯಿದೆ. ಹಲ್ಲಿನ ಹೊರಪದರ ಬಾಲ್ಯದಲ್ಲಿ ಕಟ್ಟುತ್ತದೆ, ಆದ್ದರಿಂದ ಅದು ಹೇಳುವುದು ಮಗುವಾಗಿದ್ದಾಗ ಎಲ್ಲಿದ್ದ ಎಂದಷ್ಟೇ. ವಲಸೆ ಬಂದವರ ಮಕ್ಕಳು ಅಲ್ಲೇ ಹುಟ್ಟಿದ್ದರೆ ‘ಸ್ಥಳೀಯ’ ಎಂದೇ ಬರುತ್ತಾರೆ. ಸುಟ್ಟ ಹೆಣದಲ್ಲಿ ಹಲ್ಲಿನ ಪದರ ಸಿಡಿದುಹೋಗಿರುತ್ತದೆ. ಆಗ ಕಿವಿಯ ಒಳಗಿನ ಗಟ್ಟಿ ಎಲುಬು ಹುಡುಕಬೇಕು.

ಹೊಸಓದುಗ:

ಒಂದು ಸಣ್ಣ ಪ್ರಶ್ನೆ. ನಮ್ಮ ‘ಯವನ’ ಇವರೇನಾ?

ಹಳೆಗಡಲು:

ಪದದ ಮೂಲ ಇಯೋನಿಯಾ. ಪರ್ಷಿಯನ್ನರ ಬಾಯಲ್ಲಿ ‘ಯೌನ’. ಮಿಲೆಟಸ್, ಫೊಕೈಯಾ ಎರಡೂ ಇಯೋನಿಯಾದ ಊರುಗಳು, ಹಾಗಾಗಿ ಹೆಸರಿನ ಮಟ್ಟಿಗೆ ಹೌದು. ನಮ್ಮ ಕಡೆ ಬಂದವರು ಮಾತ್ರ ಅಲೆಕ್ಸಾಂಡರ್ ನಂತರದವರು, ಆ ವಿಷಯ ಇಲ್ಲಿ ಬೇಡ.

ಸೀಸದಹಾಳೆ:

ಅಕ್ಷರದ ಬಗ್ಗೆ ಒಂದು ಮಾತು ಬಾಕಿ ಇತ್ತು. ಲಿಪಿ ತೆಗೆದುಕೊಂಡವರು ಭಾಷೆ ಬಿಡಲಿಲ್ಲ. ಸಿಕೆಲರು ಗ್ರೀಕ್ ಅಕ್ಷರದಲ್ಲಿ ಸಿಕೆಲ ಬರೆದರು, ದಕ್ಷಿಣ ಇಟಲಿಯ ಮೆಸ್ಸಾಪಿಯನ್ನರು ಮೆಸ್ಸಾಪಿಕ್ ಬರೆದರು, ಫ್ರಾನ್ಸಿನ ಗಾಲರು ಗಾಲಿಷ್ ಬರೆದರು. ಇಂದಿನ ಸ್ವಿಟ್ಜರ್ಲೆಂಡ್ ಕಡೆಯ ಹೆಲ್ವೆಟಿಗಳ ಬಿಡಾರದಲ್ಲಿ ಜನಗಣತಿಯ ಪಟ್ಟಿ ಗ್ರೀಕ್ ಅಕ್ಷರದಲ್ಲಿ ಸಿಕ್ಕಿತೆಂದು ಸೀಸರ್ ಬರೆಯುತ್ತಾನೆ. ಅಂದರೆ ಅದು ಸೇನೆ ಲೆಕ್ಕ ಹಾಕುವ ಉಪಕರಣವಾಗಿತ್ತು. ಪಶ್ಚಿಮ ಸಿಸಿಲಿಯ ಸೆಜೆಸ್ಟಾದ ಎಲಿಮರು ಕ್ರಿ.ಪೂ. 5ನೇ ಶತಮಾನದ ಕೊನೆಗೆ ಗ್ರೀಕರ ಪಕ್ಕಾ ಡೋರಿಕ್ ಶೈಲಿಯ ದೇವಾಲಯ ಕಟ್ಟಲು ಹೊರಟರು, ಗ್ರೀಕರಲ್ಲದಿದ್ದರೂ. ಕಂಬಗಳಿಗೆ ಗೀರು ಕೊರೆಯುವ ಮೊದಲೇ ಕೆಲಸ ನಿಂತಿದೆ.

ತೆನೆತೂಕ:

ಸಿಸಿಲಿ ಬಿಡುವ ಮೊದಲು ದುಕೇಟಿಯಸ್ ಹೆಸರು ಬರಲೇಬೇಕಲ್ಲ?

ಮಡಕೆಚೂರು:

ಬರಬೇಕು. ಕ್ರಿ.ಪೂ. 5ನೇ ಶತಮಾನದ ನಡುವಿನ ಸಿಕೆಲ ನಾಯಕ. ಚದುರಿದ ಸಿಕೆಲ ಊರುಗಳನ್ನು ಒಂದು ಒಕ್ಕೂಟಕ್ಕೆ ತಂದ, ಪಾಲಿಕೆ ಎಂಬ ರಾಜಧಾನಿ ಕಟ್ಟಿದ. ಜಾಗದ ಆಯ್ಕೆ ನೋಡಿ: ಗಂಧಕದ ನೀರು ಕುದಿಯುವ ಪಾಲಿಕೊಯ್ ದೇವರುಗಳ ಸನ್ನಿಧಿ, ಆಣೆ ಮಾಡುವ ಜಾಗ, ಓಡಿಬಂದ ಗುಲಾಮರಿಗೆ ಆಸರೆ. ಸಂಘಟನೆಯ ಕ್ರಮ ಗ್ರೀಕರದು, ಅದಕ್ಕೆ ಜೀವ ಕೊಟ್ಟ ದೇವರು ಸಿಕೆಲರದು. ಸೋತಾಗ ರಾತ್ರೋರಾತ್ರಿ ಕುದುರೆ ಹತ್ತಿ ಶತ್ರುಗಳ ಊರಾದ ಸಿರಾಕ್ಯೂಸ್‌ನ ಸಂತೆಬಯಲಿನ ಬಲಿಪೀಠದ ಮೇಲೆ ಹೋಗಿ ಕೂತ. ಶರಣು ಬಂದವನನ್ನು ಕೊಲ್ಲುವುದು ಗ್ರೀಕ್ ಕಟ್ಟಳೆಯಲ್ಲಿ ಪಾಪ. ಅವರ ಕಟ್ಟಳೆಯನ್ನು ಅವರಿಗಿಂತ ಚೆನ್ನಾಗಿ ಬಳಸಿದ. ಕೊರಿಂಥ್‌ಗೆ ಗಡೀಪಾರಾಗಿ, ತಿರುಗಿ ಬಂದು ಕಲೆ ಆಕ್ಟೆ ಎಂಬ ಊರು ಕಟ್ಟಿ, ಕ್ರಿ.ಪೂ. 440ರಲ್ಲಿ ಕಾಯಿಲೆಯಿಂದ ಸತ್ತ.

ಪ್ರಶ್ನಾರ್ಥಕ:

ಸ್ಥಳೀಯರು ಗೆದ್ದು ಗ್ರೀಕರ ಊರನ್ನೇ ಹಿಡಿದ ಉದಾಹರಣೆ ಇದೆಯೇ?

ಹಳೆಗಡಲು:

ಬೇಕಾದಷ್ಟು. ಕ್ರಿ.ಪೂ. 473ರಲ್ಲಿ ದಕ್ಷಿಣ ಇಟಲಿಯ ಸ್ಥಳೀಯರಾದ ಇಯಾಪಿಜಿಯನ್ನರು ತಾರಾಸ್ ಮತ್ತು ರೇಗಿಯೊನ್ ಎಂಬ ಗ್ರೀಕ್ ಊರುಗಳ ಸೇನೆಯನ್ನು ಅರೆದರು. ರೇಗಿಯೊನ್‌ನವರೇ 3,000 ಮಂದಿ ಸತ್ತರು, ಗ್ರೀಕರಿಗೆ ಇಂಥ ಕಗ್ಗೊಲೆ ಹಿಂದೆ ಆಗಿರಲಿಲ್ಲ ಎಂದು ಹೆರೊಡೊಟಸ್. ಕ್ರಿ.ಪೂ. 465ರ ಸುಮಾರಿಗೆ ಥ್ರೇಸಿನಲ್ಲಿ ಊರು ಕಟ್ಟಲು ಅಥೆನ್ಸ್ ಕಳಿಸಿದ 10,000 ಜನರ ದಂಡು ದ್ರಾಬೆಸ್ಕೊಸ್‌ನಲ್ಲಿ ನಾಶವಾಯಿತು. ನೇಪಲ್ಸ್ ಬಳಿಯ ಕ್ಯೂಮೆಯನ್ನು 421ರ ಸುಮಾರಿಗೆ ಕಂಪಾನಿಯನ್ನರು ಹಿಡಿದರು. ಪೊಸೈಡೋನಿಯಾವನ್ನು (ಇಂದಿನ ಪೈಸ್ತುಂ) 400ರ ಸುಮಾರಿಗೆ ಲುಕಾನಿಯನ್ನರು ಹಿಡಿದರು. ಅಲ್ಲಿ ಉಳಿದ ಗ್ರೀಕರು ಮಾತು, ಆಚಾರ ಎಲ್ಲ ಮರೆತು, ವರ್ಷಕ್ಕೊಂದೇ ಹಬ್ಬದಲ್ಲಿ ಸೇರಿ ಹಳೆಯ ಹೆಸರುಗಳನ್ನು ನೆನೆದು ಅತ್ತು ಮನೆಗೆ ಹೋಗುತ್ತಾರೆ ಎಂದು ಅರಿಸ್ಟೊಕ್ಸೆನಸ್ ಬರೆದ.

ಮಡಕೆಚೂರು:

ಆ ಅಳುವನ್ನು ಸ್ವಲ್ಪ ಕಡಿಮೆ ಮಾಡಿಕೊಂಡು ಓದಬೇಕು ಸರ್, ನೆಲ ಬೇರೆ ಹೇಳುತ್ತದೆ. ಪೈಸ್ತುಂನಲ್ಲಿ ಗ್ರೀಕರು ಸಭೆ ಸೇರುತ್ತಿದ್ದ ಮೆಟ್ಟಿಲು ಮೆಟ್ಟಿಲಿನ ದುಂಡು ಸಭಾಂಗಣವಿದೆ. ಲುಕಾನಿಯನ್ನರು ಅದನ್ನು ಕೆಡವಲಿಲ್ಲ. ಸ್ಟಾಟಿಸ್ ಎಂಬವನು ಜುಪಿಟರ್ ದೇವರಿಗೆ ಅರ್ಪಿಸಿದ, ಲುಕಾನಿಯನ್ನರ ಓಸ್ಕನ್ ಭಾಷೆಯ ಕಲ್ಲು ಸಿಕ್ಕಿದ್ದು ಆ ಸಭಾಂಗಣದೊಳಗೆ. ಹೀರಾ ದೇವಿಯ ಗುಡಿಗಳಲ್ಲಿ ಹರಕೆ ಮುಂದುವರಿದಿದೆ. ಸಭಾಂಗಣಕ್ಕೆ ಮಣ್ಣು ತುಂಬಿ ಮುಚ್ಚಿದ್ದು ಆಮೇಲೆ, ಕ್ರಿ.ಪೂ. 273ರಲ್ಲಿ ರೋಮನ್ನರು ಅಲ್ಲಿ ತಮ್ಮ ಒಕ್ಕಲುಗಳನ್ನು ತಂದು ಕೂರಿಸಿದ ಮೇಲೆ.